ಹಾಳೆಗಲ್ಲು, ಹೆಂಟೆಗಲ್ಲು

ಹೊಳೆಯ ದಂಡೆಗೆ ಒಂದು ಆಶ್ರಮ. ಅಲ್ಲಿ ಸಂಗಯ್ಯಜ್ಜ ಎಂಬ ಗುರು. ಗುರು ಎಂದ ಕೂಡಲೇ ಮಂದಹಾಸ, ಮೌನ, ಅರೆಮುಚ್ಚಿದ ಕಣ್ಣು ಎಂದೆಲ್ಲ ನೆನೆಸಿಕೊಳ್ಳಬೇಡಿ. ಈ ಅಜ್ಜನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಇರದೆ ಏನು ಮಾಡೀತು? ಅವರಿಗೆ ಸಿಕ್ಕ ಶಿಷ್ಯ ಅಡಿವೆಯ್ಯ.

ಅಡಿವೆಯ್ಯ ಕೆಟ್ಟವನಲ್ಲ. ಎಲ್ಲರಿಗಿಂತ ಮೊದಲು ಏಳುತ್ತಿದ್ದ, ಒಮ್ಮೆ ಓದಿದ್ದನ್ನು ಮರೆಯುತ್ತಿರಲಿಲ್ಲ. ಅವನಿಗಿದ್ದದ್ದು ಒಂದೇ ರೋಗ. ಏನನ್ನು ಕಂಡರೂ ಅದರ ಒಳಾರ್ಥ ಹುಡುಕುತ್ತಿದ್ದ.

"ಅಡಿವ್ಯಾ, ಅಡಗಿಮನಿ ಸೋರಾಕತ್ತೈತಿ. ಹೋಗಿ ಹಂಚು ಸರಿ ಮಾಡು," ಎಂದು ಅಜ್ಜ ಹೇಳಿದರೆ ಅವನು ಕೈಮುಗಿದು ನಿಲ್ಲುತ್ತಿದ್ದ.

"ಅಜ್ಜಾರ, ಸೋರಾಕತ್ತಿದ್ದು ಅಡಗಿಮನಿ ಅಲ್ಲ, ನಮ್ಮ ಮನಸ್ಸು ಅಲ್ಲೇನ್ರಿ?"

"ಮನಸ್ಸು ಸೋರಿದ್ರ ಜ್ವಾಳದ ಹಿಟ್ಟು ತೋಯಾಂಗಿಲ್ಲೋ! ನಿಚ್ಚಣಿಕಿ ತಗೊಂಡು ನಡಿ!"

ಹೀಗೆ ಏಳು ವರ್ಷ. ಅಜ್ಜನ ತಾಳ್ಮೆಯನ್ನು ಮೆಚ್ಚಬೇಕಾದದ್ದೇ.

ಆ ಆಶ್ರಮಕ್ಕೆ ಒಂದು ಬಾವಿ ಬೇಕಾಗಿತ್ತು. ಮಳೆಗಾಲದ ನಾಲ್ಕು ತಿಂಗಳು ಹೊಳೆಯಲ್ಲಿ ನೀರಿಗಿಂತ ರಾಡಿಯೇ ಹೆಚ್ಚು. ಗಡಿಗೆಯಲ್ಲಿ ತುಂಬಿ ತಿಳಿಯಾಗಲು ಬಿಟ್ಟು ಕುಡಿದರೂ ಹೊಟ್ಟೆನೋವು ತಪ್ಪುತ್ತಿರಲಿಲ್ಲ. ಕೊನೆಗೆ ಅಜ್ಜ ಹುಲಿಗೆಪ್ಪನನ್ನು ಕರೆಸಿದರು.

ಹುಲಿಗೆಪ್ಪ ಬಾವಿ ತೋಡುವವನು. ಅವನು ಕೆಳಗೆ ಅಗೆಯುವುದು, ಅವನ ಹೆಂಡತಿ ದ್ಯಾಮವ್ವ ಮೇಲೆ ನಿಂತು ಹಗ್ಗದಿಂದ ಬುಟ್ಟಿ ಎಳೆಯುವುದು. ಇಪ್ಪತ್ತು ವರ್ಷದಿಂದ ಇಬ್ಬರದೂ ಇದೇ ಕೆಲಸ.

ಬಾವಿಯ ಉಸ್ತುವಾರಿಯನ್ನು ಅಜ್ಜ ಅಡಿವೆಯ್ಯನಿಗೆ ಒಪ್ಪಿಸಿದರು. ಆ ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಉಸ್ತುವಾರಿ ಯಾರಿಗೋ ಅಜ್ಜನ ಬೆತ್ತ ಅವರ ಕೈಗೆ. ಬೆತ್ತ ಹಿಡಿದವರ ಮಾತು ಅಜ್ಜನ ಮಾತೇ. ಅದಕ್ಕೆ ಯಾರೂ ಎದುರಾಡುವಂತಿಲ್ಲ.

ಮಣ್ಣಿನಲ್ಲಿ ದುಡಿದರೆ ಇವನ ರೋಗ ಇಳಿದೀತು ಎಂಬುದು ಅಜ್ಜನ ಆಸೆ. ಆಸೆಯೇ ದುಃಖಕ್ಕೆ ಮೂಲ ಎಂದು ಊರಿಗೆಲ್ಲ ಹೇಳುವವರು ತಾವೇ ಆಸೆಪಟ್ಟರು.

ಎರಡಾಳು ಆಳಕ್ಕೆ ಮಣ್ಣು ಮುಗಿದು ಕಲ್ಲು ಬಂತು. ಹುಲಿಗೆಪ್ಪ ಗುಂಡಿಯ ಮೂಡಣ ಗೋಡೆಯಿಂದ ಒಂದು ತುಂಡು, ಪಡುವಣ ಗೋಡೆಯಿಂದ ಒಂದು ತುಂಡು ಮೇಲೆ ಕಳಿಸಿದ. ಎರಡೂ ಒಂದೇ ಬೂದು ಬಣ್ಣ.

ಅಜ್ಜ ಅವನ್ನು ಅಡಿವೆಯ್ಯನ ಮುಂದಿಟ್ಟರು.

"ಇವೆರಡಕ್ಕೂ ಏನ ಫರಕು, ನೋಡಿ ಹೇಳು. ಗ್ವಾಡಿ ಹ್ಯಾಂಗ ಕಡೀಬೇಕು ಅನ್ನೂದು ಇದರ ಮ್ಯಾಲ ನಿಂತೈತಿ."

ಅಡಿವೆಯ್ಯ ಕಲ್ಲುಗಳನ್ನು ಜೋಳಿಗೆಯಲ್ಲಿ ಹಾಕಿಕೊಂಡು ಹೋದ. ಮರುದಿನ ಬಂದ. ಅವನ ಮುಖದಲ್ಲಿ ಕಳೆ ಇತ್ತು. ಅದು ಒಳ್ಳೆಯ ಲಕ್ಷಣ ಅಲ್ಲ.

"ಅಜ್ಜಾರ, ಒಂದು ಜೀವ, ಒಂದು ಶಿವ."

"ಎರಡೂ ಕಲ್ಲೋ."

"ಹೊರಗ ಕಲ್ಲು ಕಾಣ್ತೈತ್ರಿ. ಒಳಗ—"

"ಒಳಗೂ ಕಲ್ಲ ಐತಿ! ಹೋಗು. ಮುಟ್ಟಿ ನೋಡು. ಮೂಸಿ ನೋಡು."

ಮೂರನೆಯ ದಿನ ಮತ್ತೆ ಬಂದ.

"ಮುಟ್ಟಿದೆ, ಅಜ್ಜಾರ. ಎರಡೂ ಒಂದ ಥರಾ ನುಣ್ಣಗ ಅದಾವ."

"ಹ್ಞೂಂ."

"ಉಸುರು ಬಿಟ್ಟು ಮೂಸಿದೆ. ಎರಡೂ ಹಸಿ ಮಣ್ಣಿನ ವಾಸನಿ."

"ಹ್ಞೂಂ. ಮತ್ತ?"

"ಉಗುರಲೆ ಗೀರಿದೆ. ನಾಲಿಗಿ ಹಚ್ಚಿದೆ. ಎರಡೂ ನಾಲಿಗಿಗೆ ಅಂಟ್ತಾವ."

ಅಜ್ಜನಿಗೆ ತುಸು ಹುರುಪು ಬಂತು. ಏಳು ವರ್ಷದಲ್ಲಿ ಮೊದಲ ಸಲ ಈ ಮನುಷ್ಯ ಒಂದು ವಸ್ತುವನ್ನು ವಸ್ತುವಿನಂತೆ ಮುಟ್ಟಿದ್ದ.

"ಒಡೆದು ನೋಡಿದೀ?"

"ಒಡೆಯೂದು ಹಿಂಸಾ ಅಲ್ಲೇನ್ರಿ?"

ಅಜ್ಜ ಹಣೆ ಹಣೆ ಬಡಿದುಕೊಂಡರು. ಓದಿ ಓದಿ ಮರುಳಾದ ಕೂಚುಭಟ್ಟ ಎಂಬ ಗಾದೆಯನ್ನು ಯಾರೋ ಇವನನ್ನು ನೋಡಿಯೇ ಮಾಡಿರಬೇಕು ಎನ್ನಿಸಿತು. ಆದರೂ ಸುಧಾರಿಸಿಕೊಂಡು ಅವನನ್ನು ಗಡಿಗೆಗಳ ಹತ್ತಿರ ಕರೆದೊಯ್ದರು.

"ಇಲ್ಲಿ ನೋಡು. ಈ ಗಡಿಗಿ ಎಂಟು ದಿನದಿಂದ ಯಾರೂ ಅಲುಗಾಡಿಸಿಲ್ಲ. ತಳದಾಗಿನ ರಾಡಿ ಹ್ಯಾಂಗ ಕುಂತೈತಿ?"

"ಪದರ ಪದರ ಕುಂತೈತ್ರಿ."

"ಈ ಗಡಿಗ್ಯಾಗ ದಿನಾ ಕೈ ಹಾಕಿ ಕಲಕ್ಯಾರ. ಇದರಾಗ?"

"ಪದರ ಇಲ್ರಿ. ಮುದ್ದಿ ಆಗೈತಿ."

"ಎರಡೂ ಒಂದ ಹೊಳಿ ರಾಡಿ. ಈಗ ಆ ಕಲ್ಲ ಬಗ್ಗೆ ಏನು ಹೇಳ್ತಿ?"

ಅಡಿವೆಯ್ಯನ ಕಣ್ಣು ತುಂಬಿ ಬಂತು.

"ತಿಳೀತು, ಅಜ್ಜಾರ! ಕುಂತದ್ದು ಹ್ಯಾಂಗರೆ ಇರಲಿ, ಕಡೀಕ ಎಲ್ಲಾ ಒಂದ ಮಣ್ಣು! ನೀವು ದಿನಾ ಮುಂಜಾನೆ ಹೇಳೂದು ಇದನ್ನ ಅಲ್ಲೇನ್ರಿ?"

ಹೌದು, ಅಜ್ಜ ದಿನಾ ಮುಂಜಾನೆ ಅದನ್ನೇ ಹೇಳುತ್ತಿದ್ದರು. ಅದು ಸುಳ್ಳೂ ಅಲ್ಲ. ಅಜ್ಜ ಗಡಿಗೆಯ ಮೇಲೆ ಮುಚ್ಚಳ ಇಟ್ಟು ಎದ್ದು ಹೋದರು.

ಮರುದಿನ ಆಚೆ ದಂಡೆಯ ಹಳ್ಳಿಯಲ್ಲಿ ಒಂದು ಜಗಳ ಬಿಡಿಸಲು ಅಜ್ಜ ಹೋಗಬೇಕಿತ್ತು. ಹರಿಗೋಲು ಹತ್ತುವ ಮುಂಚೆ ಅಡಿವೆಯ್ಯನಿಗೆ ಒಂದೇ ಮಾತು ಹೇಳಿದರು.

"ಹುಲಿಗೆಪ್ಪ ಏನಾರ ಕೇಳಿದ್ರ ಅವನ ಮಾತು ಕೇಳು."

"ಆಗಲ್ರಿ."

ಅವನು ಆಗಲಿ ಎಂದದ್ದು ನಿಜ. ಆದರೆ ಅದರಲ್ಲೂ ಏನು ಒಳಾರ್ಥ ಕಂಡನೋ, ಅವನಿಗೇ ಗೊತ್ತು.

ಅಜ್ಜ ಹೋದ ಮೊದಲ ದಿನವೇ ಹುಲಿಗೆಪ್ಪ ಮೇಲೆ ಹತ್ತಿ ಬಂದ.

"ಅಯ್ನಾರ, ಪಡುವಣ ಗ್ವಾಡಿ ಹೆಂಟೆಗಲ್ಲು, ಪದರ ಇಲ್ಲದ ಮುದ್ದಿ. ಅದಕ್ಕ ಅಂಜಿಕಿ ಇಲ್ಲ, ನೆಟ್ಟಗ ಕಡದ್ರೂ ನಿಲ್ತೈತಿ. ಮೂಡಣದ್ದು ಹಾಳೆಗಲ್ಲು. ಹಾಳಿ ಎಲ್ಲಾ ಗುಂಡಿ ಕಡೆ ಇಳಿಜಾರು ಅದಾವ. ಅದನ್ನ ನೆಟ್ಟಗ ಕಡದ್ರ ಜಾರ್ತೈತಿ. ಮೆಟ್ಟಿಲ ಇದ್ದಂಗ ಪಾವಟಿಗಿ ಬಿಟ್ಟು ಬಿಟ್ಟು ಹಿಂದಕ ಸರಿಸಬೇಕು."

"ಹಿಂದಕ ಅಂದ್ರ ಎಷ್ಟು?"

ಹುಲಿಗೆಪ್ಪ ಎಂಟು ಹೆಜ್ಜೆ ಅಳೆದು ನಿಂತ. ನಿಂತದ್ದು ಒಂದು ಹೊಸ ಕಟ್ಟೆಯ ಆಚೆ.

ಆ ಕಟ್ಟೆ ಅಡಿವೆಯ್ಯನದು. ನಾಳೆ ಅಜ್ಜನ ನಂತರ ಪಾಠ ಹೇಳಲು ಒಂದು ಜಾಗ ಇರಲಿ ಎಂದು ತಾನೇ ಕಲ್ಲು ಹೊತ್ತು, ತಾನೇ ಗಾರೆ ಕಲಸಿ, ಒಂದು ಬೇಸಿಗೆಯೆಲ್ಲ ಕೂತು ಕಟ್ಟಿದ್ದ. ಅದರ ಮೇಲೆ ಇನ್ನೂ ಯಾರೂ ಪಾಠ ಹೇಳಿರಲಿಲ್ಲ.

"ಇದನ್ನ ಕೆಡವಬೇಕೇನು?"

"ಕೆಡವಬೇಕ್ರಿ."

ಅಡಿವೆಯ್ಯ ಕಟ್ಟೆಯನ್ನು ನೋಡಿದ. ಗುಂಡಿಯನ್ನು ನೋಡಿದ. ಮತ್ತೆ ಕಟ್ಟೆಯನ್ನು ನೋಡಿದ.

"ಹುಲಿಗೆಪ್ಪಾ, ಹಾಳಿ, ಹೆಂಟಿ ಅಂತ ಭೇದ ಎಣಸೂದು ಅಜ್ಞಾನ. ಎಲ್ಲಾ ಒಂದ ಮಣ್ಣು. ಅಜ್ಜಾರ ಮಾತು ಇದು."

"ಅಯ್ನಾರ, ನಾ ಕಲಿತಾಂವಲ್ಲ. ಆದ್ರ ಗ್ವಾಡಿ—"

ಅಡಿವೆಯ್ಯ ಬೆತ್ತ ಎತ್ತಿ ತೋರಿಸಿದ. ಹೊಡೆಯಲಿಕ್ಕಲ್ಲ. ಅದು ಯಾರ ಬೆತ್ತ ಎಂದು ನೆನಪಿಸಲಿಕ್ಕೆ.

ಹುಲಿಗೆಪ್ಪ ಹಾರೆ ಹೆಗಲ ಮೇಲಿಟ್ಟುಕೊಂಡು ಮತ್ತೆ ಇಳಿದ.

ದ್ಯಾಮವ್ವ ಸುಮ್ಮನಾಗುವ ಪೈಕಿ ಅಲ್ಲ. ಅಡಿವೆಯ್ಯನಿಗೆ ಕೇಳುವ ಹಾಗೆಯೇ ಅಂದಳು.

"ದೇವರು ವರ ಕೊಟ್ರೂ ಪೂಜಾರಿ ಕೊಡ ಅಂತ ಹೇಳ್ತಾರಲ್ಲ, ಹಾಂಗಾತು."

ಅಡಿವೆಯ್ಯ ಅವಳ ಅಜ್ಞಾನವನ್ನು ಕ್ಷಮಿಸಿದ. ಕ್ಷಮಿಸುವುದರಲ್ಲಿ ಅವನದು ದೊಡ್ಡ ಕೈ.

ನಾಲ್ಕು ದಿನ ಕೆಲಸ ನಡೆಯಿತು. ಮೂಡಣ ಗೋಡೆ ನೆಟ್ಟಗೆ, ನುಣ್ಣಗೆ, ನೋಡಲು ಚಂದವಾಗಿ ಇಳಿಯಿತು. ಮುಂಜಾನೆ ಅದರ ನೆರಳು ಗುಂಡಿಯೊಳಗೆ ಬೀಳುತ್ತಿತ್ತು. ಹುಲಿಗೆಪ್ಪ ಆ ನೆರಳಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದ. ಮೇಲೆ ದ್ಯಾಮವ್ವ ತನ್ನ ರೊಟ್ಟಿಯ ಗಂಟು ಬಿಚ್ಚದೆ ಗೋಡೆಯನ್ನೇ ನೋಡುತ್ತ ಕೂರುತ್ತಿದ್ದಳು.

ಐದನೆಯ ದಿನ ಅಜ್ಜ ಬಂದರು. ಹರಿಗೋಲು ದಡ ಮುಟ್ಟುವ ಮೊದಲೇ ದ್ಯಾಮವ್ವ ಮೊಣಕಾಲು ನೀರಿಗೆ ಇಳಿದು ನಿಂತಿದ್ದಳು.

"ಯಪ್ಪಾ, ಗ್ವಾಡಿಯಿಂದ ಚಕ್ಕಿ ಉದರಾಕತ್ತಾವ. ನಿನ್ನೆ ಸಂಜಿಂದ ಹಾಳಿ ಸಂದಿನಾಗ ನೀರ ಜಿನಗಾಕತ್ತೈತಿ. ಮೂಡಣದ್ದನ್ನ ಪಾವಟಿಗಿ ಮಾಡ್ತೀವಿ ಅಂದ್ರ ಅಯ್ನಾರು ಒಂದ ಮಣ್ಣು ಅಂತಾರ. ನಿಮ್ಮ ಮಾತು ಅಂತಾರ."

"ಹುಲಿಗೆಪ್ಪ ಎಲ್ಲಿ?"

"ಕೆಳಗ ಅದಾನ."

ಅಜ್ಜನ ಮೊಣಕಾಲು ನೋವು ಹಳೆಯದು. ಆಗ ಅದು ಅವರಿಗೆ ನೆನಪಾಗಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ ದಂಡೆ ಏರಿ ಓಡಿದ್ದನ್ನು ಆಶ್ರಮದವರೆಲ್ಲ ನೋಡಿದರು.

"ಹುಲಿಗೆಪ್ಪಾ, ಮ್ಯಾಲ ಬಾ."

"ಒಂದೆರಡು ಬುಟ್ಟಿ ಉಳದೈತ್ರಿ, ಯಪ್ಪಾ."

"ಬಾ ಅಂದ್ರ ಬಾ!"

ಹುಲಿಗೆಪ್ಪ ಬಂದ. ದ್ಯಾಮವ್ವ ಅವನ ತೋಳು ಹಿಡಿದು ಬೇವಿನ ಬುಡಕ್ಕೆ ಎಳೆದೊಯ್ದು ಕೂರಿಸಿದಳು. ಅವನ ತಲೆಯ ಮೇಲಿನ ಕಲ್ಲಿನ ಚಕ್ಕೆಗಳನ್ನು ಸೆರಗಿನಿಂದ ಕೊಡವಿದಳು. ಆಗ ಅವಳಿಗೆ ಅಳು ಬಂತು.

ಅಜ್ಜ ಅಡಿವೆಯ್ಯನ ಕಡೆ ತಿರುಗಲಿಲ್ಲ, ಬೈಯಲಿಲ್ಲ. ಹೆಗಲ ಮೇಲಿನ ಶಲ್ಯ ತೆಗೆದು ನೆಲಕ್ಕಿಟ್ಟು, ನಿಚ್ಚಣಿಕೆ ಹಿಡಿದು, ಒಂದೊಂದೇ ಮೆಟ್ಟಿಲು ಗುಂಡಿಗೆ ಇಳಿದರು. ಅಲ್ಲಿ ಹುಲಿಗೆಪ್ಪನ ಬುಟ್ಟಿಯನ್ನು ಬೋರಲು ಹಾಕಿ, ಮೂಡಣ ಗೋಡೆಗೆ ಬೆನ್ನು ಕೊಟ್ಟು ಕೂತರು.

ಅಡಿವೆಯ್ಯ ಅಂಚಿಗೆ ಬಂದು ಬಗ್ಗಿದ.

"ಅಜ್ಜಾರ, ಅಲ್ಯಾಕ ಕುಂತೀರಿ?"

"ತಂಪ ಐತಿ. ಅಡಿವ್ಯಾ, ಹೋಗೂ ಮುಂದ ಒಂದು ಕೇಳಿದ್ದೆ. ಎರಡು ಕಲ್ಲಿನ ಫರಕು. ಈಗ ಹೇಳು."

"ಮ್ಯಾಲ ಬರ್ರಿ, ಹೇಳ್ತೀನಿ."

"ಇಲ್ಲೇ ಕೇಳ್ತೈತಿ."

ಗೋಡೆಯಿಂದ ಒಂದು ತೆಳ್ಳನೆಯ ಚಕ್ಕೆ ಕಳಚಿ ಅಜ್ಜನ ಹೆಗಲ ಮೇಲೆ ಬಿತ್ತು. ಅಜ್ಜ ಅದನ್ನು ತೆಗೆದು ಪಕ್ಕಕ್ಕಿಟ್ಟರು.

ಅಡಿವೆಯ್ಯ ಅಂಚಿನಲ್ಲಿ ಮೊಣಕಾಲೂರಿದ.

"ಅಜ್ಜಾರ, ಆ ಗ್ವಾಡಿ ಬಿಟ್ಟು ಕುಂದರ್ರಿ."

"ಯಾಕ?"

"ಅದು... ಅದು ಬ್ಯಾರೆ ಕಲ್ಲೈತ್ರಿ."

"ಬ್ಯಾರೆ ಅಂದ್ರ ಹ್ಯಾಂಗ? ಬಣ್ಣ ಬ್ಯಾರೆ?"

"ಬಣ್ಣ ಒಂದ ಐತ್ರಿ."

"ವಾಸನಿ ಬ್ಯಾರೆ?"

"ಇಲ್ರಿ, ಮ್ಯಾಲ ಬರ್ರಿ!"

"ಮಣ್ಣು ಬ್ಯಾರೆ?"

ಅಡಿವೆಯ್ಯ ಜೋಳಿಗೆ ಕೊಡವಿದ. ಎರಡು ಕಲ್ಲು ಅಂಚಿನ ನೆಲದ ಮೇಲೆ ಬಿದ್ದವು. ಹುಲಿಗೆಪ್ಪನ ಸುತ್ತಿಗೆ ಅಲ್ಲೇ ಇತ್ತು. ಹಿಂಸೆ ಅಹಿಂಸೆ ಏನೂ ನೆನಪಾಗಲಿಲ್ಲ. ಒಂದೊಂದಕ್ಕೆ ಒಂದೊಂದು ಏಟು ಹಾಕಿದ.

ಪಡುವಣ ಗೋಡೆಯದು ಬೆಲ್ಲದ ಹೆಂಟೆ ಒಡೆದಂತೆ ಅಡ್ಡಾದಿಡ್ಡಿ ತುಂಡಾಯಿತು. ಮೂಡಣದ್ದು ಹಾಳೆ ಹಾಳೆಯಾಗಿ ಬಿಚ್ಚಿಕೊಂಡಿತು. ಉಗುರು ತೂರಿಸಿದರೆ ಇನ್ನೂ ಬಿಚ್ಚುತ್ತಿತ್ತು.

"ಹೇಳ್ತೀನ್ರಿ! ಒಂದು ಹ್ಯಾಂಗ ಬಡಿದ್ರ ಹಾಂಗ ಒಡೀತೈತಿ. ಅದರಾಗ ಹಾಳಿಲ್ಲ, ಜಾರಾಕ ದಾರಿ ಇಲ್ಲ. ನಿಮ್ಮ ಬೆನ್ನಿಗಿರೂದು ಹಾಳೆಗಲ್ಲು. ಹಾಳಿ ನಿಮ್ಮ ಕಡೆ ವಾಲ್ಯಾವ. ಸಂದಿನಾಗ ನೀರೈತಿ. ಅದು ಒಂದರ ಮ್ಯಾಲ ಒಂದು ಜಾರ್ತೈತಿ. ಇಲ್ಲಿ ಕಟ್ಟಿ ಬುಡಕ ನೆಲ ಬಿರಿದೈತ್ರಿ, ನನ್ನ ಕೈ ತೂರ್ತೈತಿ! ಅಜ್ಜಾರ, ನಿಮ್ಮ ಕಾಲಿಗೆ ಬೀಳ್ತೀನಿ!"

ಏಳು ವರ್ಷದಲ್ಲಿ ಅವನ ಬಾಯಿಂದ ಜೀವ ಇಲ್ಲದ, ಶಿವ ಇಲ್ಲದ ಮಾತು ಇಷ್ಟು ಉದ್ದಕ್ಕೆ ಬಂದದ್ದು ಅದೇ ಮೊದಲು.

"ಈಗ ಈ ಗ್ವಾಡಿ ಏನ ಮಾಡಬೇಕು?"

"ಪಾವಟಿಗಿ ಬಿಡಬೇಕು! ಹಿಂದಕ ಸರಿಸಬೇಕು!"

"ಹಿಂದ ಕಟ್ಟಿ ಐತಲ್ಲ."

"ಕಟ್ಟಿ ಹಾಳಾಗಿ ಹೋಗಲ್ರಿ!"

ಅಡಿವೆಯ್ಯ ನಿಚ್ಚಣಿಕೆಯಲ್ಲಿ ಅರ್ಧ ಇಳಿದು ಕೈ ಚಾಚಿದ. ಅಜ್ಜ ಆ ಕೈ ಹಿಡಿದುಕೊಂಡು ಎದ್ದರು. ಮೊಣಕಾಲು ಈಗ ನೆನಪಾಗಿ ನರಳಿದರು. ಮೇಲೆ ಬರುವುದು ಬಹಳ ಹೊತ್ತು ಹಿಡಿಯಿತು.

ಅಜ್ಜ ಅಂಚು ದಾಟಿ, ಶಲ್ಯ ಎತ್ತಿಕೊಂಡು, ಬೇವಿನ ಮರದ ಕಡೆ ಹತ್ತು ಹೆಜ್ಜೆ ಹಾಕಿರಬೇಕು. ಹಿಂದೆ ಬಾಗಿಲು ಎಳೆದಂಥ ಸದ್ದಾಯಿತು. ತಿರುಗಿ ನೋಡಿದರೆ ಮೂಡಣ ಗೋಡೆ ಇರಲಿಲ್ಲ. ಗುಂಡಿ ಅರ್ಧ ತುಂಬಿತ್ತು. ಬುಟ್ಟಿ ಇದ್ದ ಜಾಗದಲ್ಲಿ ಕಲ್ಲಿನ ಹಾಳೆಗಳು ರಾಶಿ ಬಿದ್ದಿದ್ದವು. ಅಡಿವೆಯ್ಯನ ಕಟ್ಟೆಯ ಮುಕ್ಕಾಲು ಭಾಗ ಅದರ ಮೇಲಿತ್ತು. ಪಡುವಣ ಗೋಡೆ ಹಾಗೇ ನಿಂತಿತ್ತು.

ದೂಳು ಇಳಿಯಿತು.

ಆಮೇಲೆ ಅಡಿವೆಯ್ಯ ಅಜ್ಜನ ಕಾಲಿಗೆ ಬಿದ್ದ.

"ತಪ್ಪಾತ್ರಿ. ಆದ್ರ ನೀವು ದಿನಾ ಮುಂಜಾನೆ ಒಂದ ಮಣ್ಣು ಅಂತ ಹೇಳ್ತಿದ್ರಿ..."

"ಹೇಳ್ತಿದ್ದೆ," ಎಂದರು ಅಜ್ಜ. ಅವರ ಸಿಟ್ಟು ಆ ಗಳಿಗೆ ಯಾರ ಮೇಲಿತ್ತೋ. "ಅದು ಚಾಪಿ ಮ್ಯಾಲ ಕುಂತು ಹೇಳೂ ಮಾತು. ಆ ಮಾತು ಹೇಳಿ ಒಬ್ಬನ್ನ ಗುಂಡ್ಯಾಗ ಇಳಿಸ್ತಾರಂತ ನನಗರೆ ಎಲ್ಲಿ ಗೊತ್ತಿತ್ತು? ಬೆತ್ತ ಕೊಟ್ಟಾಂವ ನಾನು. ನನ್ನ ತಪ್ಪೂ ಐತಿ."

ಅಡಿವೆಯ್ಯ ಕಣ್ಣೊರೆಸಿಕೊಂಡ. ರೋಗ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಮತ್ತೆ ಶುರು ಮಾಡಿದ.

"ಅಜ್ಜಾರ, ನಿಮ್ಮ ಜೀವ ಉಳೀತು, ಅಷ್ಟ ಸಾಕು. ಇವತ್ತ ನೀವು ಕಲಿಸಿದ್ದರ ಒಳಾರ್ಥ ನನಗ ತಿಳೀತು. ಭೇದದೊಳಗ ಅಭೇದ—"

ಅಜ್ಜ ಎರಡೂ ಕೈ ಎತ್ತಿ ಅವನನ್ನು ತಡೆದರು.

"ಸಾಕೋ ಮಾರಾಯಾ, ಕೈ ಮುಗೀತೀನಿ. ನಿನ್ನೆ ತನಕಾ ನಿನಗ ಒಂದ ಆಗಿದ್ದ ಕಲ್ಲು, ನಾ ಹೋಗಿ ಕೆಳಗ ಕುಂತ ಕೂಡಲೇ ಎರಡ ಹ್ಯಾಂಗಾತು? ನನಗ ಹೇಳಬ್ಯಾಡ. ಹುಲಿಗೆಪ್ಪ ಅಲ್ಲಿ ಬೇವಿನ ಬುಡಕ ಕುಂತಾನ, ಹೋಗಿ ಅವಗ ಹೇಳು."